‘ಔಟ್‌ಲಾ ಮೋಟಾರ್‌ಸೈಕಲ್ ಕ್ಲಬ್’: ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ.

ಅಮೆರಿಕದ ಬೈಕ್ ಕ್ಲಬ್‌ಗಳ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಔಟ್‌ಲಾ’ ಎಂಬಲ್ಲಿ ಕೆಲಸ ನಿಂತಿದೆ. ‘ಕಾನೂನುಬಾಹಿರ’ ಎನ್ನೋಣವೆಂದರೆ ನಮ್ಮ ಪತ್ರಿಕೆ ಓದುವವರಿಗೆ ತಟ್ಟನೆ ನೆನಪಾಗುವುದು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ. ಅಂದರೆ ನಿಷೇಧಿತ ಸಂಘಟನೆ ಎಂಬ ಅರ್ಥ ಬಂದುಬಿಡುತ್ತದೆ. ಅಮೆರಿಕದಲ್ಲಿ ಇಂಥ ಕ್ಲಬ್ಬಿನ ಸದಸ್ಯನಾಗಿರುವುದೇ ಅಪರಾಧವಲ್ಲ. ಆದರೆ ನೆದರ್ಲೆಂಡ್ಸ್‌ನಲ್ಲಿ 2019ರಲ್ಲಿ ನ್ಯಾಯಾಲಯ ಹೆಲ್ಸ್ ಏಂಜಲ್ಸ್ ಎಂಬ ಇಂಥದ್ದೇ ಕ್ಲಬ್ಬನ್ನು ನಿಷೇಧಿಸಿತು. ಅಲ್ಲಿಗೆ ಆ ಪದ ಸರಿಯೇ.

ಮೂಲದಲ್ಲಿ ಈ ಮಾತು ಬಂದದ್ದು ಕೋರ್ಟಿನಿಂದಲ್ಲ, ರೇಸಿನಿಂದ. 1924ರಲ್ಲಿ ಹುಟ್ಟಿದ ಅಮೆರಿಕನ್ ಮೋಟಾರ್‌ಸೈಕಲಿಸ್ಟ್ ಅಸೋಸಿಯೇಷನ್ ಎಂಬ ಸವಾರರ ಸಂಘ ರೇಸುಗಳಿಗೆ, ಕ್ಲಬ್‌ಗಳಿಗೆ ಮಾನ್ಯತೆ ಕೊಡುತ್ತಿತ್ತು. ಮಾನ್ಯತೆ ಪಡೆಯದವು ‘ಔಟ್‌ಲಾ’, ಅಷ್ಟೆ. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಊರಿನ ಬೈಕ್ ಜಾತ್ರೆಯಲ್ಲಿ ಕುಡಿತ, ಗಲಾಟೆ, ಬಂಧನ ಆದದ್ದು ನಿಜ. ಆದರೆ ಜನರ ಮನಸ್ಸಿನಲ್ಲಿ ಕೂತದ್ದು ‘ಲೈಫ್’ ಪತ್ರಿಕೆಯ ಚಿತ್ರ: ಬೈಕ್ ಮೇಲೆ ಒರಗಿ ಕೂತ ದಢೂತಿ ಆಸಾಮಿ, ಎರಡೂ ಕೈಯಲ್ಲಿ ಬಿಯರ್ ಬಾಟಲಿ, ಚಕ್ರದಡಿ ಖಾಲಿ ಬಾಟಲಿಗಳ ರಾಶಿ. ಆ ರಾಶಿಯನ್ನು ಫೋಟೋಗಾಗಿಯೇ ಗುಡ್ಡೆ ಹಾಕಿದ್ದೆಂದು ಅಲ್ಲಿದ್ದವರೊಬ್ಬರು ಮುಂದೆ ಹೇಳಿದರು. ನೂರಕ್ಕೆ ತೊಂಬತ್ತೊಂಬತ್ತು ಸವಾರರು ಸಭ್ಯರು ಎಂದು ಸಂಘ ಆಗ ಹೇಳಿತೆಂಬ ಮಾತೂ ಹರಡಿತು. ಅಂಥ ಹೇಳಿಕೆ ಸಂಘದ ದಾಖಲೆಗಳಲ್ಲಿ ಸಿಕ್ಕಿಲ್ಲ. ಆದರೇನು, ಉಳಿದ ಒಬ್ಬರು ನಾವೇ ಎಂದು ಕೆಲವು ಕ್ಲಬ್‌ಗಳವರು ‘1%’ ಎಂದು ಜಾಕೆಟ್ಟಿಗೆ ಹೊಲಿಸಿಕೊಂಡರು. ಬೈಗುಳವೇ ಬಿರುದಾಯಿತು.

‘ಪುಂಡರು’ ಎಂದರೆ? ನಮ್ಮಲ್ಲಿ ‘ವ್ಹೀಲಿಂಗ್ ಪುಂಡರು’ ಎಂಬ ಶೀರ್ಷಿಕೆ ಎಷ್ಟು ಬಳಕೆಯಲ್ಲಿದೆಯೆಂದರೆ ಓದುಗರ ಕಣ್ಣಿಗೆ ಬೇರೇನೂ ಬಾರದು. ಈ ಕ್ಲಬ್‌ಗಳಲ್ಲಿರುವುದು ಪುಂಡಾಟದ ಸಡಿಲವಲ್ಲ, ಬಿಗಿ ಶಿಸ್ತು. ಹೊಸಬ ಮೊದಲು ಸುಮ್ಮನೆ ಒಡನಾಡಬೇಕು, ಆಮೇಲೆ ತಿಂಗಳುಗಟ್ಟಲೆ ‘ಪ್ರಾಸ್ಪೆಕ್ಟ್’ ಆಗಿ ಹೇಳಿದ ಚಾಕರಿ ಮಾಡಬೇಕು, ಹಿರಿಯರ ಬೈಕು ಕಾಯಬೇಕು. ಸದಸ್ಯರು ಮತ ಹಾಕಿ ಒಪ್ಪಿದರಷ್ಟೇ ಪೂರ್ತಿ ಪ್ಯಾಚು, ಅಂದರೆ ಜಾಕೆಟ್ಟಿನ ಬೆನ್ನಿಗೆ ಹೊಲಿಸಿಕೊಳ್ಳುವ ಕ್ಲಬ್ಬಿನ ಗುರುತು. ಅಧ್ಯಕ್ಷ, ಖಜಾಂಚಿ, ವಂತಿಗೆ, ದಂಡ, ನಿಗದಿತ ಸಭೆ ಎಲ್ಲವೂ ಇವೆ. ಆ ಸಭೆಗೆ ಅವರು ಕರೆಯುವುದು ‘ಚರ್ಚ್’ ಎಂದು! ‘ಪ್ರಾಸ್ಪೆಕ್ಟ್’ಗೆ ನಾನು ‘ಉಮೇದುವಾರ’ ಎಂದಿಟ್ಟಿದ್ದೇನೆ, ಹೊಂದುತ್ತದೆಂದೇ ನನ್ನ ಭಾವನೆ.

ಹಾಗೆಂದು ‘ಸ್ವಚ್ಛಂದ ಸವಾರರು’ ಎಂದು ಮೆರುಗು ಹಚ್ಚಲು ನನ್ನಿಂದಾಗದು. 1994ರಿಂದ ಎಂಟು ವರ್ಷ ಕೆನಡಾದ ಕ್ವಿಬೆಕ್‌ನಲ್ಲಿ ಹೆಲ್ಸ್ ಏಂಜಲ್ಸ್ ಮತ್ತು ರಾಕ್ ಮಷೀನ್ ಎಂಬೆರಡು ಕ್ಲಬ್‌ಗಳು ಮಾದಕವಸ್ತು ವ್ಯಾಪಾರಕ್ಕಾಗಿ ಕಾದಾಡಿ 150ಕ್ಕೂ ಹೆಚ್ಚು ಜನ ಸತ್ತರು. ಬಾಂಬಿನ ಚೂರು ತಗಲಿ ಸತ್ತ 11 ವರ್ಷದ ಹುಡುಗನೂ ಅದರಲ್ಲಿದ್ದ. ಇನ್ನೊಂದು ಕಡೆ, 2015ರಲ್ಲಿ ಟೆಕ್ಸಸ್‌ನ ವೇಕೊದಲ್ಲಿ ಬೈಕ್ ಕ್ಲಬ್‌ಗಳವರು ಸೇರಿದ್ದಲ್ಲಿ ಗುಂಡಿನ ಚಕಮಕಿಯಾಗಿ 9 ಜನ ಸತ್ತಾಗ ಪೊಲೀಸರು 177 ಮಂದಿಯನ್ನು ಸಾರಾಸಗಟಾಗಿ ಹಿಡಿದರು. ಕೊನೆಗೆ ಒಬ್ಬರ ಮೇಲೂ ಅಪರಾಧ ಸಾಬೀತಾಗಲಿಲ್ಲ. ಪದ ಹಗುರವಾಗಿ ಬಳಸಿದರೆ ಯಾರೆಲ್ಲ ಅದರಡಿ ಸಿಕ್ಕಿಬೀಳುತ್ತಾರೆ ಎಂಬುದೇ ನನ್ನ ಆತಂಕ. ‘ಬೈಕ್ ಗ್ಯಾಂಗ್’ ಬೇಡವೆನ್ನಲೂ ಇದೇ ಕಾರಣ.

ಆಸ್ಟ್ರೇಲಿಯಾದವರಿಗೆ ‘ಬೈಕಿ’, ಡೆನ್ಮಾರ್ಕಿನವರಿಗೆ ‘ರಾಕರ್’ ಎಂದು ಇಂಥ ಕ್ಲಬ್ಬಿನವರನ್ನು ಕರೆಯಲು ಬೇರೆಯದೇ ಪದವಿದೆ. ಸಾಧಾರಣ ಸವಾರರು ಅದರೊಳಗೆ ಬರುವುದಿಲ್ಲ. ನಮಗೂ ಅಂಥದ್ದೊಂದು ಬೇಕು. ಭಾನುವಾರ ಬುಲೆಟ್ ಏರಿ ಮಡಿಕೇರಿಗೆ ಹೋಗಿಬರುವವರದೂ ‘ಬೈಕ್ ಕ್ಲಬ್’ ತಾನೆ?

‘ಕಟ್ಟುಬಾಹಿರ ಕ್ಲಬ್’ ಎಂದು ಯೋಚಿಸಿದೆ. ಕಟ್ಟುಕಟ್ಟಳೆಗೆ ಹೊರತಾದದ್ದು ಎಂಬ ಅರ್ಥ ಬರುತ್ತದೆ, ಅಪರಾಧವೆಂದು ಮೊದಲೇ ತೀರ್ಪು ಕೊಟ್ಟಂತಾಗುವುದಿಲ್ಲ. ಅರಿಸಮಾಸವೆಂಬ ಆಕ್ಷೇಪ ಬರಬಹುದು. ‘ಕಟ್ಟುಹೊರಗಿನ’ ಎಂದರೆ ಕಿವಿಗೆ ಹಿತವೇ? ‘ಪ್ಯಾಚ್’ಗೂ ಸಲಹೆ ಬೇಕು. ‘ತೇಪೆ’ ಹರಿದ ಬಟ್ಟೆಗಾಯಿತು, ‘ಬಿಲ್ಲೆ’ ಎಂದರೆ ಜವಾನರ ಹಿತ್ತಾಳೆ ಬಿಲ್ಲೆ ನೆನಪಾಗುತ್ತದೆ. ಬೆನ್ನ ಮೇಲೆ ಕ್ಲಬ್ಬಿನ ಹೆಸರು, ಲಾಂಛನ, ಸೀಮೆಯ ಹೆಸರು ಹೀಗೆ ಮೂರು ತುಂಡಾಗಿ ಹೊಲಿದಿರುವ ಬಟ್ಟೆಗೆ ದರ್ಜಿಗಳ ಮಾತಿನಲ್ಲಿ ಏನಾದರೂ ಹೆಸರಿದ್ದರೆ ದಯವಿಟ್ಟು ತಿಳಿಸಿ.