ಲಡಾಖ್‌ನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ಕುರಿಗಾಹಿಗಳ ಡೇರೆಯಲ್ಲಿ ಉಳಿಯಬಹುದಾ?

ಪ್ರಶ್ನೆ: ಜುಲೈನಲ್ಲಿ ಮನಾಲಿಯಿಂದ ಲೇಹ್‌ಗೆ ಬೈಕಲ್ಲಿ ಹೊರಟಿದ್ದೇವೆ. ತ್ಸೋ ಕರ್ ಸರೋವರ, ಕೋರ್ಜೋಕ್ ಹಳ್ಳಿ ಕಡೆ ಅಲೆಮಾರಿ ಕುರಿಗಾಹಿಗಳಾದ ಚಾಂಗ್ಪಾ ಜನರ ಜೊತೆ ಒಂದೆರಡು ರಾತ್ರಿ ಇರುವ ಆಸೆ. ಸುಮ್ನೆ ಹೋಗಿ ಕೇಳಿದರೆ ಆಗುತ್ತಾ?

ಉತ್ತರ 1: ಅದಿರಲಿ, ಮೊದಲು ಎತ್ತರದ ಬಗ್ಗೆ ಯೋಚಿಸಿ. ಕೋರ್ಜೋಕ್ ಇರುವುದೇ ಸುಮಾರು 4,500 ಮೀಟರ್ ಮೇಲೆ, ಮನಾಲಿಯಿಂದ ನೇರ ಅಲ್ಲಿಗೆ ಹೋಗಿ ಮಲಗಿದರೆ ತಲೆನೋವು, ವಾಂತಿ ಶುರುವಾಗಬಹುದು. ಲೇಹ್‌ನಲ್ಲಿ ಎರಡು ಮೂರು ದಿನ ಸುಧಾರಿಸಿಕೊಂಡು ಆಮೇಲೆ ಈ ಕಡೆ ಬನ್ನಿ.

ಉತ್ತರ 2: ಚಾಂಗ್ಪಾ ಜನ ಮೇವು ನೋಡಿಕೊಂಡು ಜಾಗ ಬದಲಿಸುತ್ತಾರೆ, ಹಾಗಾಗಿ ಡೇರೆ ಈಗ ಎಲ್ಲಿದೆ ಅಂತ ಕೋರ್ಜೋಕ್‌ನಲ್ಲೇ ವಿಚಾರಿಸಿ. ಡೇರೆಗೆ ರೆಬೊ ಅಂತಾರೆ, ಯಾಕ್ ಕೂದಲಿನಲ್ಲಿ ನೇಯ್ದದ್ದು. ನಡುವೆ ಒಲೆ, ಮೇಲೆ ಹೊಗೆ ಹೋಗಲು ಸೀಳು. ಅಲ್ಲಿ ಮರ ಎಲ್ಲಿದೆ, ಒಣಗಿದ ಸಗಣಿಯೇ ಉರುವಲು. ಹಾಲು ಕರೆಯುವಾಗ ಆಡುಗಳನ್ನು ಎದುರುಬದುರು ಎರಡು ಸಾಲು ನಿಲ್ಲಿಸಿ, ಒಂದೇ ಹಗ್ಗದಲ್ಲಿ ಕುತ್ತಿಗೆಗಳನ್ನು ಹೆಣೆದು ಕಟ್ಟುತ್ತಾರೆ. ನೋಡಲು ಚೆಂದ, ಆದರೆ ಅದು ಅವರ ಕೆಲಸದ ಹೊತ್ತು, ಕ್ಯಾಮೆರಾ ಹಿಡಿದು ನುಗ್ಗಬೇಡಿ.

ಉತ್ತರ 3: ಉಪ್ಪು ಹಾಕಿದ ಬೆಣ್ಣೆ ಚಹಾ ಕೊಡ್ತಾರೆ, ಲೋಟ ಖಾಲಿ ಮಾಡಿದಷ್ಟೂ ತುಂಬ್ತಾರೆ! ದುಡ್ಡಿನ ಮಾತು ಮೊದಲೇ ಆಡಿಕೊಳ್ಳಿ, ಅಕ್ಕಿ, ತರಕಾರಿ ಒಯ್ದರೆ ಇನ್ನೂ ಒಳ್ಳೆಯದು. ನಾಯಿಗಳು ಜೋರು, ದೂರದಲ್ಲೇ ನಿಂತು ಕೂಗಿ.