ಟೈರ್ ಬದಲಿಸಿದ ಮೇಲೆ ಪಿಕಪ್ ಮೀಟರ್ ಸ್ಪೀಡ್ ಕಡಿಮೆ ತೋರಿಸುತ್ತಿದೆ

ಮದ್ದೂರು ಪಿಕಪ್: ಗಾಡಿಯಲ್ಲಿ 215/75 ಆರ್15 ಇತ್ತು. ಕಬ್ಬಿನ ಗದ್ದೆಯ ಕೆಸರಿಗೆ ಸಾಲುತ್ತಿರಲಿಲ್ಲ ಅಂತ 235/75 ಹಾಕಿಸಿದೆ. ಈಗ ಶ್ರೀರಂಗಪಟ್ಟಣದ ಕಡೆ ಮೀಟರ್ 60 ಅಂದರೆ ಫೋನಿನ ಜಿಪಿಎಸ್ 62 ಅನ್ನುತ್ತದೆ. ಮೈಲೇಜ್ ಬೇರೆ ಬಿದ್ದಿದೆ. ಗ್ಯಾರೇಜಿನವನು ಮೀಟರನ್ನೇ ಬದಲಿಸು ಅಂತಾನೆ. ಬೇಕಾ?

ಹಳೇ ಡ್ರೈವರ್, ಮೈಸೂರು: ಮೀಟರ್ ಮುಟ್ಟಬೇಡಿ. ಹಳೇ ಟೈರಿನ ಅಗಲ 215 ಮಿ.ಮೀ., ರಿಮ್ಮಿನಿಂದಾಚೆ ಟೈರಿನ ಎತ್ತರ ಅದರ ಶೇ. 75 ಅಂದರೆ 161. ಎರಡೂ ಕಡೆ ಸೇರಿಸಿ, 15 ಇಂಚಿನ ರಿಮ್ಮಿನ 381 ಕೂಡಿಸಿದರೆ ಎತ್ತರ ಸುಮಾರು 703 ಮಿ.ಮೀ. ಹೊಸದು 733. ಶೇ. 4ಕ್ಕಿಂತ ಸ್ವಲ್ಪ ಜಾಸ್ತಿ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗಲ್ಲ. ಕಿಲೋಮೀಟರೂ ಕಡಿಮೆಯೇ ಬೀಳುತ್ತದೆ, ಅಲ್ವಾ? ಮೀಟರಿನ 100 ಅಂದರೆ ಓಡಿದ್ದು 104. ಹಾಗಾಗಿ ಮೈಲೇಜ್ ಬಿದ್ದದ್ದರಲ್ಲಿ ಒಂದು ಪಾಲು ಬರೀ ಲೆಕ್ಕದ್ದು.

ಮದ್ದೂರು ಪಿಕಪ್: ಹಾಗಾದರೆ 62.5 ಬರಬೇಕಿತ್ತು?

ಹಳೇ ಡ್ರೈವರ್, ಮೈಸೂರು: ಕಂಪನಿಯವರೇ ಮೀಟರನ್ನು ಒಂಚೂರು ಜಾಸ್ತಿ ತೋರಿಸುವಂತೆ ಇಡುತ್ತಾರೆ. ಅದು ಇಲ್ಲಿ ಸರಿದೂಗಿದೆ.

ಗೇರ್‌ಬಾಕ್ಸ್ ಕೆಲಸ: ಕೇಬಲ್ ಮೀಟರ್ ಆದರೆ ಗೇರ್‌ಬಾಕ್ಸಿನಲ್ಲಿ ಕೇಬಲ್ ಕೂರುವ ಜಾಗದಲ್ಲಿ ಪುಟ್ಟ ಪ್ಲಾಸ್ಟಿಕ್ ಗೇರ್ ಇರುತ್ತದೆ. ಹಲ್ಲು ಕಡಿಮೆ ಇರುವುದು ಹಾಕಿದರೆ ಮೀಟರ್ ಜೋರಾಗಿ ತಿರುಗುತ್ತದೆ. ಸೆನ್ಸರ್ ಗಾಡಿಯಾದರೆ ಸ್ಕ್ಯಾನರ್ ಹಾಕಿ ಟೈರ್ ಅಳತೆ ತಿದ್ದಬೇಕು, ಎಲ್ಲ ಗಾಡಿಯಲ್ಲೂ ಆಗಲ್ಲ. ಮೊದಲು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಲೋಡ್ ಹಾಕಿ, ಟೈರ್ ಎಲ್ಲಾದರೂ ತಾಗುತ್ತಾ ನೋಡಿ. ನನಗೆ ಅದೇ ಚಿಂತೆ, ಮೀಟರ್ ಅಲ್ಲ.