ಬೋನಸ್ ಆ್ಯಕ್ಷನ್‌ನಲ್ಲಿ ಮಂತ್ರ ಹಾಕಿದ ಮೇಲೆ ಅದೇ ಸರದಿಯಲ್ಲಿ ಇನ್ನೊಂದು ಮಂತ್ರ ಹಾಕಬಹುದೇ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ ಐದನೆಯ ಆವೃತ್ತಿಯನ್ನು ಆಡುತ್ತಿದೆ. ಕೆಲವರ ಬಳಿ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇದೆ, ಉಳಿದವರ ಬಳಿ 2024ರದು. ಕಳೆದ ಬಾರಿ ನೆಲಕ್ಕೆ ಬಿದ್ದಿದ್ದ ಫೈಟರ್‌ನನ್ನು ಎಬ್ಬಿಸಲು ನನ್ನ ಕ್ಲೆರಿಕ್ ಬೋನಸ್ ಆ್ಯಕ್ಷನ್‌ನಲ್ಲಿ (ಸರದಿಯ ಮುಖ್ಯ ಕೆಲಸವಾದ ಆ್ಯಕ್ಷನ್ ಅಲ್ಲದೆ ಮಾಡಬಹುದಾದ ಚುರುಕು ಕೆಲಸ) ಹೀಲಿಂಗ್ ವರ್ಡ್ ಮಂತ್ರ ಹಾಕಿದಳು. ಆ್ಯಕ್ಷನ್ ಇನ್ನೂ ಉಳಿದಿದ್ದರಿಂದ ಎದುರಿಗಿದ್ದ ಓಗರ್ ಮೇಲೆ ಗೈಡಿಂಗ್ ಬೋಲ್ಟ್ ಹಾಕುತ್ತೇನೆ ಎಂದಾಗ ಆಟ ನಡೆಸುವ ಡಂಜನ್ ಮಾಸ್ಟರ್ ಒಪ್ಪಲಿಲ್ಲ. ಆದರೆ ವಿಝರ್ಡ್ ಆಡುವ ಗೆಳೆಯರು ಫೇ ಟಚ್ಡ್ ಎಂಬ ಫೀಟ್‌ನಿಂದ (ಪಾತ್ರ ಪಡೆಯುವ ವಿಶೇಷ ಸಾಮರ್ಥ್ಯ) ಉಚಿತವಾಗಿ ಸಿಗುವ ಮಿಸ್ಟಿ ಸ್ಟೆಪ್ ಬಳಸಿ 30 ಅಡಿ ಆಚೆ ಸರಿದು, ಅಲ್ಲಿಂದಲೇ ಫೈರ್‌ಬಾಲ್ ಎಸೆದಾಗ ಅದಕ್ಕೆ ಒಪ್ಪಿದರು. ಎರಡೂ ಒಂದೇ ಬಗೆಯ ಪ್ರಸಂಗಗಳಲ್ಲವೇ? ಯಾವ ನಿಯಮದ ಪ್ರಕಾರ ಒಂದು ಸರಿ, ಇನ್ನೊಂದು ತಪ್ಪು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ:

ನಿಮ್ಮ ಡಂಜನ್ ಮಾಸ್ಟರ್ 2024ರ ಪುಸ್ತಕದಂತೆ ತೀರ್ಪು ಕೊಟ್ಟಿದ್ದಾರೆ, ಮತ್ತು ಆ ಪುಸ್ತಕದ ಮಟ್ಟಿಗೆ ಎರಡು ತೀರ್ಪುಗಳೂ ಸರಿಯಾಗಿವೆ. 2014ರ ಪುಸ್ತಕವನ್ನು ಹಿಡಿದರೆ ಕ್ಲೆರಿಕ್, ವಿಝರ್ಡ್ ಇಬ್ಬರ ಜೋಡಿ ಮಂತ್ರಗಳೂ ನಡೆಯುವುದಿಲ್ಲ.

2014ರ ನಿಯಮ ನೋಡುವುದು ಮಂತ್ರಕ್ಕೆ ತಗಲುವ ಸಮಯವನ್ನು. ಒಂದು ಸರದಿಯಲ್ಲಿ ಬೋನಸ್ ಆ್ಯಕ್ಷನ್‌ನಿಂದ ಯಾವುದೇ ಮಂತ್ರ ಹಾಕಿದರೆ, ಆ ಸರದಿಯಲ್ಲಿ ಮತ್ತೆ ಹಾಕಬಹುದಾದದ್ದು ಒಂದು ಆ್ಯಕ್ಷನ್ ಬೇಡುವ ಕ್ಯಾಂಟ್ರಿಪ್ (ಎಷ್ಟು ಬಾರಿ ಬೇಕಾದರೂ ಹಾಕಬಹುದಾದ ಸರಳ ಮಂತ್ರ) ಮಾತ್ರ. ಮಿಸ್ಟಿ ಸ್ಟೆಪ್ ಸ್ಲಾಟ್‌ನಿಂದ (ಮಂತ್ರ ಹಾಕಲು ಖರ್ಚಾಗುವ ಸೀಮಿತ ಶಕ್ತಿಯ ಪಾಲು) ಬಂದಿರಲಿ, ಫೀಟ್‌ನಿಂದ ಬಂದಿರಲಿ, ಅದು ಬೋನಸ್ ಆ್ಯಕ್ಷನ್ ಮಂತ್ರವೇ ಆದ್ದರಿಂದ ಫೈರ್‌ಬಾಲ್‌ಗೆ ಅವಕಾಶವಿಲ್ಲ. ಗೈಡಿಂಗ್ ಬೋಲ್ಟ್ ಮೊದಲು, ಹೀಲಿಂಗ್ ವರ್ಡ್ ಆಮೇಲೆ ಎಂದು ಹಿಂದುಮುಂದು ಮಾಡಿದರೂ ಫಲ ಒಂದೇ. ಹೀಲಿಂಗ್ ವರ್ಡ್ ಜೊತೆಗೆ ಸೇಕ್ರೆಡ್ ಫ್ಲೇಮ್ ಎಂಬ ಕ್ಯಾಂಟ್ರಿಪ್ ಹಾಕಿದ್ದರೆ ಯಾವ ಪುಸ್ತಕದಲ್ಲೂ ಆಕ್ಷೇಪವಿರುತ್ತಿರಲಿಲ್ಲ.

2024ರ ನಿಯಮ ನೋಡುವುದು ಸ್ಲಾಟನ್ನು. ಒಂದು ಸರದಿಯಲ್ಲಿ ಮಂತ್ರ ಹಾಕಲು ಒಂದೇ ಸ್ಲಾಟ್ ಖರ್ಚು ಮಾಡಬಹುದು. ನಿಮ್ಮ ಕ್ಲೆರಿಕ್ ಎರಡು ಸ್ಲಾಟ್ ಕೇಳಿದಳು, ವಿಝರ್ಡ್‌ಗೆ ಬೇಕಾದದ್ದು ಫೈರ್‌ಬಾಲ್‌ನ ಒಂದು ಸ್ಲಾಟ್ ಮಾತ್ರ. ಹಳೆಯ ನಿಯಮದ ಬಿಗಿ ಎಷ್ಟಿತ್ತು ಎಂಬುದು ಡ್ರೂಯಿಡ್ ಆಡುವವರಿಗೆ ಚೆನ್ನಾಗಿ ಗೊತ್ತು: ಶಿಲೇಲಿ ಬರೀ ಕ್ಯಾಂಟ್ರಿಪ್ ಆದರೂ ಬೋನಸ್ ಆ್ಯಕ್ಷನ್ ಬೇಡುವುದರಿಂದ, 2014ರಲ್ಲಿ ಅದನ್ನು ಹಾಕಿದ ಸರದಿಯಲ್ಲಿ ಪಕ್ಕದಲ್ಲಿ ಬಿದ್ದಿರುವ ಗೆಳೆಯನಿಗೆ ಕ್ಯೂರ್ ವೂಂಡ್ಸ್ ಹಾಕುವಂತಿರಲಿಲ್ಲ. 2024ರಲ್ಲಿ ಹಾಕಬಹುದು, ಮತ್ತು ಇದು ನ್ಯಾಯವಾದ ಬದಲಾವಣೆ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಮಾಯಾಶಕ್ತಿಗಳೆಲ್ಲ ಮಂತ್ರಗಳಲ್ಲ. 2018ರಲ್ಲಿ ಬಂದ ಮಾರ್ಡೆನ್‌ಕೈನೆನ್ಸ್ ಟೋಮ್ ಆಫ್ ಫೋಸ್ ಪುಸ್ತಕದ ಎಲಾಡ್ರಿನ್ ಎಂಬ ಎಲ್ಫ್ ಕುಲಕ್ಕೆ ಫೇ ಸ್ಟೆಪ್ ಎಂಬ ಶಕ್ತಿಯಿದೆ. ಅದೂ ಬೋನಸ್ ಆ್ಯಕ್ಷನ್, ಅದೂ 30 ಅಡಿ. ಆದರೆ ಅದರ ವಿವರಣೆಯಲ್ಲಿ ಮಂತ್ರ ಹಾಕುವ ಮಾತೇ ಇಲ್ಲ. ಪಾತ್ರ ನೇರವಾಗಿ ಮಾಯವಾಗಿ ಇನ್ನೊಂದೆಡೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ 2014ರ ಮಿತಿ ಅದಕ್ಕೆ ತಾಗುವುದೇ ಇಲ್ಲ, ಫೈರ್‌ಬಾಲ್ ಧಾರಾಳವಾಗಿ ಎಸೆಯಬಹುದು. ಶಕ್ತಿಯ ವಿವರಣೆಯನ್ನು ಓದುವಾಗ ಅದು ಮಂತ್ರವನ್ನು ಹಾಕಿಸುತ್ತದೆಯೇ, ಇಲ್ಲವೇ ತಾನೇ ಪರಿಣಾಮ ಕೊಡುತ್ತದೆಯೇ ಎಂಬುದನ್ನು ಮೊದಲು ನೋಡಿ. ಆ್ಯಕ್ಷನ್‌ನ ಲೆಕ್ಕ ಆಮೇಲೆ.

ಮಂತ್ರ ಹಾಕುವ ನಿಯಮ ಯಾವ ಪುಸ್ತಕದ್ದು ಎಂಬುದನ್ನು ಆಟ ಆರಂಭವಾಗುವ ಮುನ್ನವೇ ಇಡೀ ಗುಂಪಿಗೆ ಒಂದಾಗಿ ನಿಶ್ಚಯಿಸಿಕೊಳ್ಳಿ. ಕಾಳಗದ ನಡುವೆ ಅವರವರ ಪುಸ್ತಕ ಅವರವರಿಗೆ ಎಂದಾದರೆ, ಒಂದೇ ಮೇಜಿನಲ್ಲಿ ಕೂತವರಿಗೆ ಬೇರೆ ಬೇರೆ ನ್ಯಾಯ ಸಿಗುತ್ತದೆ.

ಮರುಪ್ರಶ್ನೆ:

ವಿವರವಾದ ಉತ್ತರಕ್ಕೆ ಧನ್ಯವಾದಗಳು. ಎಲಾಡ್ರಿನ್ ವಿಷಯ ನಮಗೆ ಹೊಳೆದೇ ಇರಲಿಲ್ಲ. ರಿಯಾಕ್ಷನ್‌ಗೂ (ಏನಾದರೂ ನಡೆದಾಗ ತಕ್ಷಣ ಕೊಡುವ ಪ್ರತಿಕ್ರಿಯೆ) ಇದೇ ಮಿತಿ ಇದೆಯೇ? ವಿಝರ್ಡ್ ಫೈರ್‌ಬಾಲ್ ಎಸೆದು ಹಿಂದಕ್ಕೆ ನಡೆಯುವಾಗ ಗಾಬ್ಲಿನ್ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವವರ ಮೇಲಿನ ಹೊಡೆತ) ಮಾಡಿದರೆ, ರಿಯಾಕ್ಷನ್ ಆಗಿ ಶೀಲ್ಡ್ ಮಂತ್ರ ಹಾಕಬಹುದೇ?

ಉತ್ತರ:

ಇಲ್ಲಿ ಎರಡು ಪುಸ್ತಕಗಳು ಅದಲುಬದಲಾಗುತ್ತವೆ. ಆ ಸರದಿಯಲ್ಲಿ ಬೋನಸ್ ಆ್ಯಕ್ಷನ್ ಮಂತ್ರ ಹಾಕಿಲ್ಲವಾದ್ದರಿಂದ 2014ರಲ್ಲಿ ಶೀಲ್ಡ್ ಹಾಕಬಹುದು. ಗಾಬ್ಲಿನ್ ಹೊಡೆಯುತ್ತಿದ್ದರೂ ನಡೆಯುತ್ತಿರುವುದು ವಿಝರ್ಡ್‌ನ ಸರದಿಯೇ. ಫೈರ್‌ಬಾಲ್‌ಗೆ ಒಂದು ಸ್ಲಾಟ್ ಆಗಲೇ ಖರ್ಚಾಗಿರುವುದರಿಂದ 2024ರಲ್ಲಿ ಇನ್ನೊಂದು ಸ್ಲಾಟ್‌ನಿಂದ ಶೀಲ್ಡ್ ಹಾಕುವಂತಿಲ್ಲ. ಅದೇ ಗಾಬ್ಲಿನ್ ತನ್ನ ಸರದಿಯಲ್ಲಿ ಬಂದು ಹೊಡೆದರೆ ಎರಡೂ ಪುಸ್ತಕಗಳಲ್ಲಿ ಅನುಮತಿ ಇದೆ, ಏಕೆಂದರೆ ಮಿತಿ ಇರುವುದು ಸರದಿಗೆ, ಇಡೀ ಸುತ್ತಿಗಲ್ಲ.

ಹೀಗೆ ತನ್ನ ಸರದಿಯಲ್ಲೇ ರಿಯಾಕ್ಷನ್ ಬಳಸಿದ ವಿಝರ್ಡ್‌ಗೆ ಮುಂದಿನ ಸರದಿ ಆರಂಭವಾಗುವವರೆಗೆ ಇನ್ನೊಂದು ರಿಯಾಕ್ಷನ್ ಇರುವುದಿಲ್ಲ. ಶೀಲ್ಡ್‌ನ +5 ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕ) ಅಲ್ಲಿಯವರೆಗೂ ಕಾಯುತ್ತದೆ, ಆದರೆ ಎದುರಾಳಿ ಮಂತ್ರವಾದಿಯನ್ನು ಕೌಂಟರ್‌ಸ್ಪೆಲ್‌ನಿಂದ ತಡೆಯುವ ಅವಕಾಶ ಕೈತಪ್ಪುತ್ತದೆ. ಅಂಥ ಎದುರಾಳಿ ಇದ್ದಾಗ ಒಂದು ಪೆಟ್ಟು ತಿಂದು ರಿಯಾಕ್ಷನ್ ಉಳಿಸಿಕೊಳ್ಳುವುದೇ ಮೇಲು.